ಕರೆಯಬಾರದ ಹಬ್ಬ

ವಾಲ್ಯೆವೊ, ಡಿಸೆಂಬರ್ ೧೨

ಗೆಳೆಯ ರಾದಿಸಾವ್,

ಹತ್ತೊಂಬತ್ತಕ್ಕೆ ನಮ್ಮ ಮನೆದೇವರು ಸಂತ ನಿಕೋಲಾನ ಹಬ್ಬ. ಪಕ್ಷದ ಕಚೇರಿಯವರು ಆಹ್ವಾನಪತ್ರಿಕೆ ಅಚ್ಚು ಹಾಕಿಸಿ ತಂದಿದ್ದರು. ಅಮ್ಮ ಕನ್ನಡಕ ಹಾಕಿಕೊಂಡು ಒಂದನ್ನು ಪೂರ್ತಿ ಓದಿ, ಇಡೀ ಕಟ್ಟನ್ನು ಒಲೆಗೆ ಹಾಕಿದಳು. "ಮನೆದೇವರ ಹಬ್ಬಕ್ಕೆ ಯಾರಾದ್ರೂ ಕರೀತಾರೇನೋ? ನೆನಪಿದ್ದೋರು ಬರ್ತಾರೆ. ಇತಿಹಾಸದ ಪುಸ್ತಕ ಬರೆದೋನಿಗೆ ಇಷ್ಟೂ ಗೊತ್ತಿಲ್ವಾ?"

ಆದ್ದರಿಂದ ನಿನ್ನನ್ನೂ ಕರೆಯುತ್ತಿಲ್ಲ.

ನಾನು ಸಂಸತ್ತಿಗೆ ಗೆದ್ದ ದಿನ ನಮ್ಮ ಅಂಗಳದಲ್ಲಿ ನಿಂತು ನೀನು ಹೇಳಿದ ಮಾತು ನೆನಪಿದೆ: "ಇತಿಹಾಸ ಬರ್ಕೊಂಡು ಸತ್ತೋರ ಸಹವಾಸದಲ್ಲಿ ನೀನು ನೆಟ್ಟಗಿದ್ದೆ ಕಣೋ, ಬದುಕಿರೋರ ಜೊತೆ ಸೇರಿ ಕೆಟ್ಟೆ. ಅಲ್ಲಿಂದ ಎದ್ದು ಬರೋವರೆಗೂ ನಿನ್ನ ಹೊಸಿಲು ತುಳಿಯಲ್ಲ."

ಎದ್ದು ಬರುವ ಯೋಚನೆ ನನಗಿಲ್ಲ. ಪೊಲೀಸರ ಹಳೆಯ ಕಡತಗಳನ್ನು ಇನ್ನೂ ಐವತ್ತು ವರ್ಷ ಮುಚ್ಚಿಡುವ ಮಸೂದೆ ಸೋಮವಾರ ಬರುತ್ತದೆ. ತರುತ್ತಿರುವುದು ನನ್ನದೇ ಪಕ್ಷ. ನಾನು ವಿರುದ್ಧ ಮಾತಾಡುತ್ತೇನೆ. ಮುಂದಿನ ಚುನಾವಣೆಗೆ ಟಿಕೆಟ್ ಕೊಡಲಾರರು, ಇರಲಿ. ನಿನ್ನ ಅಪ್ಪನ ಕಡತ ತೋರಿಸಿ ಎಂದು ನಾವಿಬ್ಬರೂ ಹೊರಗೆ ನಿಂತು ಇಪ್ಪತ್ತು ವರ್ಷ ಅರ್ಜಿ ಬರೆದೆವು. ಈ ಸಲ ಒಳಗೆ ನಿಂತು ಕೇಳುತ್ತೇನೆ.

ಒಂದು ಕೆಲಸವಿದೆ. ಹಬ್ಬಕ್ಕೆ ಬೇಯಿಸಿ ಸಿಹಿ ಮಾಡುವ ಗೋಧಿಗೆ ನಿನ್ನ ಹಿತ್ತಲಿನ ಅಕ್ರೋಟೇ ಬೇಕಂತೆ. ಸಂತೆಯದು ಕಹಿ ಎಂದು ಅಮ್ಮ ಮುಟ್ಟುವುದಿಲ್ಲ. ಯಾರ ಕೈಯಲ್ಲಾದರೂ ಕಳಿಸಬಹುದು.

ಇನ್ನೊಂದು ಮಾತು. ಮುಂಬಾಗಿಲ ಹೊಸಿಲನ್ನು ಹುಳು ತಿಂದಿತ್ತು. ಬಡಗಿಯನ್ನು ಕರೆಸಿ ನಿನ್ನೆ ಕೀಳಿಸಿದೆ. ಹೊಸದನ್ನು ಹಬ್ಬ ಮುಗಿದ ಮೇಲೆ ಕೂರಿಸಿದರೆ ಸಾಕು ಎಂದಿದ್ದೇನೆ. ಅಲ್ಲಿಯವರೆಗೆ ನಮ್ಮ ಮನೆಗೆ ಹೊಸಿಲಿಲ್ಲ.

ನಿನ್ನ
ತಿಹೋಮಿರ್