ತೊಳೆದಿಟ್ಟ ಗ್ಲಾಸು

೨೨ ನವೆಂಬರ್, ಶನಿವಾರ

ಮಗಳು ವಿಶಾಖಾಳ ಇತಿಹಾಸದ ಪಾಠ ನನ್ನ ನಿದ್ದೆ ಕೆಡಿಸಿದೆ. ಅಮೆರಿಕದಲ್ಲಿ ಕಪ್ಪು ವಿದ್ಯಾರ್ಥಿಗಳು ಬಿಳಿಯರ ಹೋಟೆಲಿನಲ್ಲಿ ಕಾಫಿ ಕೇಳಿ, ಕೊಡದಿದ್ದರೂ ಏಳದೆ ಕುಳಿತರಂತೆ. ಅದನ್ನು ಹೇಳಿದವಳೇ ಕೇಳಿದಳು:

“ಅಪ್ಪಾ, ಹ್ವಾದ ವಾರ ನಮ್ಮೂರ ಹೋಟೆಲ್‌ನ್ಯಾಗ ಎಲ್ಲಾರೂ ಗ್ಲಾಸ್ ಅಲ್ಲೇ ಬಿಟ್ಟು ಎದ್ದರು. ನೀ ಒಬ್ಬಾಂವನ ಯಾಕ ತೊಳದಿಟ್ಟಿ?”

“ತೊಳದರ ಕೈ, ಹಗುರ ಆಗತೈತಿ ಮೈ” ಎಂದೆ. ಪ್ರಾಸ ಕೂಡಿತು, ಉತ್ತರ ಕೂಡಲಿಲ್ಲ. ಅವಳು ನಗಲಿಲ್ಲ.

“ಯಾರರೇ ತೊಳಿ ಅಂದ್ರೇನು?”

ಈಗ ಯಾರೂ ಅನ್ನುವುದಿಲ್ಲ. ನಮ್ಮ ಕೇರಿಯವರು ತಾವೇ ತೊಳೆದಿಡಬೇಕೆಂದು ಅಪ್ಪ ಕಲಿಸಿದ್ದನ್ನು, ಬಿ.ಎ. ಬರೆದ ಈ ಕೈ ಇನ್ನೂ ಮರೆತಿಲ್ಲ.

ನಾಳೆ ಅವಳೊಡನೆ ಊರಿಗೆ ಹೋಗುವ ಬಬಲೇಶ್ವರದ ಬಸ್ ಹತ್ತಿ ಅದೇ ಹೋಟೆಲಿಗೆ ಹೋಗಬೇಕು. ಗ್ಲಾಸು ಮೇಜಿನ ಮೇಲೆಯೇ ಬಿಡಬೇಕು. ಆ ವಿದ್ಯಾರ್ಥಿಗಳಿಗೆ ಏಳದೆ ಕೂರುವುದು ಕಷ್ಟವಾಗಿತ್ತು. ನನಗೆ ಬರಿಗೈಯಲ್ಲಿ ಏಳುವುದೇ...