ಕಣ್ಣೊಳಗಿನ ಕೊಡೆ

ಇಂಡಿ
ಶನಿವಾರ, 15 ನವೆಂಬರ್ 2025
ಮಧ್ಯಾಹ್ನ ಒಂದೂವರೆ

ಸಿಟ್ಟು ಮಾಡಿಕೊಂಡು ಕೂತಿರುವ ನನ್ನ ಹುಮಾಗೆ ಅಮ್ಮಿಯ ಸಲಾಂ, ದುವಾ.

ಹತ್ತು ದಿನದಿಂದ ನೀನು ನನ್ನ ಫೋನ್ ಎತ್ತುತ್ತಿಲ್ಲ. ಎತ್ತದಿದ್ದದ್ದೇ ಒಳ್ಳೆಯದಾಯಿತು. ನಿನ್ನ ದನಿ ಕೇಳಿದ್ದರೆ ನಾನು ಮತ್ತೆ ಸುಳ್ಳೇ ಹೇಳುತ್ತಿದ್ದೆ. ನಾಲ್ಕು ಗಂಟೆಯ ಮುದ್ದೇಬಿಹಾಳ ಬಸ್ಸಿಗೆ ಇವತ್ತು ಮೋದಿನಸಾಬ ಮಾಮಾನೇ ಕಂಡಕ್ಟರ್. ಸಿಂದಗಿ, ತಾಳಿಕೋಟಿ ದಾಟಿ ಬಂದು ಈ ಲಕೋಟೆ ನಿನ್ನ ಕೈಗೇ ಕೊಡುತ್ತೇನೆ ಅಂದಿದ್ದಾನೆ. ಅಬ್ಬಾ ಮತ್ತು ನಿನ್ನ ಅಣ್ಣ ತಬ್ರೇಜ ಚಡಚಣದ ಮದುವೆಗೆ ಫೋಟೋ ತೆಗೆಯಲು ಹೋಗಿದ್ದಾರೆ. ಅವರು ನಮ್ಮ ಸ್ಟುಡಿಯೋಕ್ಕೆ ತಿರುಗಿ ಬರುವುದರೊಳಗೆ ನಾನು ಬರೆದು ಮುಗಿಸಬೇಕು.

ಮೊದಲು ಇದನ್ನು ಓದಿಬಿಡು. ನಿನ್ನ ನಾನಿ, ನನ್ನ ತಾಯಿಯ ಫೋಟೋಗಳಿದ್ದ ಕ್ಯಾಮೆರಾ ಕಾರ್ಡು ಹಾಳಾಗಿಲ್ಲ. ರಾವಸಾಬರ ಮಗಳ ಮದುವೆಗೆ ಬೇಕಾಯಿತು, ಎಲ್ಲ ಅಳಿಸಿಬಿಟ್ಟೆವು ಅಂತ ನಿನಗೆ ಹೇಳಿದ್ದು ಸುಳ್ಳು. ಅದು ಇಷ್ಟು ದಿನ ಫೋಟೋ ತಿದ್ದುವ ನನ್ನ ಹಳೆಯ ರೀಟಚಿಂಗ್ ಬ್ರಷ್ಷಿನ ಡಬ್ಬಿಯಲ್ಲಿತ್ತು. ಈಗ ಈ ಲಕೋಟೆಯಲ್ಲಿದೆ.

ನಿನಗೆ ಎಷ್ಟು ಕಷ್ಟ ಬಂದಿದೆ ಅಂತ ನನಗೆ ಗೊತ್ತಿಲ್ಲ ಅಂದುಕೊಳ್ಳಬೇಡ. ನಿನ್ನ ರೂಮಿನ ಇರಮ ಎಲ್ಲ ಹೇಳಿದ್ದಾಳೆ. ಸೋಮವಾರ ಸಂಜೆ ಐದರೊಳಗೆ ಬೆಂಗಳೂರಿನ ಫೋಟೋ ಸ್ಪರ್ಧೆಯವರಿಗೆ ರಾ ಫೈಲ್ ಮುಟ್ಟಬೇಕು, ಕ್ಯಾಮೆರಾ ಬರೆದಿಟ್ಟ ಹಾಗೇ ಇರುವ ಮೂಲ ಫೋಟೋ. ಮುಟ್ಟದಿದ್ದರೆ ನಾನಿಯ ಫೋಟೋಕ್ಕೆ ಕೊಟ್ಟ ಮೊದಲ ಬಹುಮಾನ ಕಿತ್ತುಕೊಂಡು, ವಂಚನೆ ಅಂತ ನಿನ್ನ ಹೆಸರು ಹಾಕಿ ಪ್ರಕಟಿಸುತ್ತಾರೆ. ಅದು ತೀರ್ಮಾನವಾಗುವವರೆಗೆ ನಿನ್ನ ಪತ್ರಿಕೆಯವರೂ ಕೆಲಸ ಕೊಡುವುದಿಲ್ಲ ಅಂದಿದ್ದಾರೆ. ನೀನು ಎರಡು ದಿನದಿಂದ ಊಟ ಸರಿಯಾಗಿ ಮಾಡಿಲ್ಲ ಅಂತಲೂ ಇರಮ ಹೇಳಿದಳು.

ಪುಣೆಯವನೊಬ್ಬ ನಾನಿಯ ಕಣ್ಣನ್ನು ಮೊಬೈಲಿನಲ್ಲಿ ದೊಡ್ಡದು ಮಾಡಿ ಊರಿಗೆಲ್ಲ ಹಂಚಿದ್ದಾನಲ್ಲ, ಅದನ್ನು ತಬ್ರೇಜ ನನಗೂ ತೋರಿಸಿದ. ಲಚ್ಯಾಣದ ಮಣ್ಣಿನ ಮನೆಯಲ್ಲಿ ಕಿಟಕಿ ಬಿಟ್ಟರೆ ಬೇರೆ ಬೆಳಕಿಲ್ಲ, ಮುದುಕಿಯ ಕಣ್ಣಿನಲ್ಲಿ ಬಿಳಿ ಕೊಡೆ ಕಟ್ಟಿದ ಸ್ಟುಡಿಯೋ ಲೈಟಿನ ಪ್ರತಿಬಿಂಬ ಹೇಗೆ ಬಂತು ಅಂತ ಅವನು ಕೇಳಿದ್ದಾನೆ. ಬಿಳಿ ಗುಂಡು, ಅದರೊಳಗೆ ಕೊಡೆಯ ಕಡ್ಡಿಗಳೂ ಕಾಣುತ್ತವೆ. ಇದು ಎಐ ಮಾಡಿದ ಚಿತ್ರ, ಈ ಹುಡುಗಿ ಕ್ಯಾಮೆರಾ ಮುಟ್ಟಿಯೇ ಇಲ್ಲ ಅಂತ ಕೆಳಗೆ ನೂರು ಜನ ಬರೆದಿದ್ದಾರೆ. ಅವರನ್ನೆಲ್ಲ ಸಾಲಾಗಿ ನಿಲ್ಲಿಸಿ ಬಯ್ಯಬೇಕು ಅನಿಸಿತು. ಆದರೆ ಬಯ್ಯಲು ನನಗೆ ಬಾಯಿ ಇಲ್ಲ. ಆ ಕೊಡೆ ನಮ್ಮ ಅಂಗಡಿಯದು. ಅದನ್ನು ಅಲ್ಲಿ ತಂದಿಟ್ಟವಳು ನಾನು.

ಫೆಬ್ರವರಿಯಲ್ಲಿ ನೀನು ಲಚ್ಯಾಣಕ್ಕೆ ಹೋಗಿ ನಾನಿಯ ಮೂವತ್ತೊಂದು ಫೋಟೋ ತೆಗೆದೆ. ಹದಿನೆಂಟು ದಿನಕ್ಕೆ ಆಕೆ ತೀರಿಕೊಂಡಳು. ಮಣ್ಣು ಮಾಡಿ ಬಂದ ಮಾರನೆಯ ದಿನ ನೀನು ಕಾರ್ಡು ನನ್ನ ಕೈಯಲ್ಲಿಟ್ಟು, "ಅಮ್ಮಿ, ನನಗ ನೋಡಾಕ ಆಗೂದಿಲ್ಲ. ಛಲೋದು ಒಂದು ಆರಿಸಿ ಕಳಸು" ಅಂದೆ. ನಾನು ಆರಿಸಿದೆ. ಕೈ ಚೆನ್ನಾಗಿತ್ತು, ಜಪದ ತಸ್ಬಿಯ ಮಣಿ ಹೊಳೆಯುತ್ತಿತ್ತು, ಕಿಟಕಿಯ ಬೆಳಕು ಅರ್ಧ ಮುಖಕ್ಕೆ ಬಿದ್ದಿತ್ತು. ಕಣ್ಣು ಮಾತ್ರ ಮುಚ್ಚಿತ್ತು.

ನಮ್ಮ ಅಂಗಡಿಯ ಕಟ್ಟಳೆ ನಿನಗೆ ಗೊತ್ತು. ಕಣ್ಣು ಮುಚ್ಚಿದ ಫೋಟೋ ಗಿರಾಕಿಯ ಕೈಗೆ ಹೋಗಬಾರದು. ಕೊಟ್ಟರೆ, ಬದುಕಿದವರನ್ನು ಸತ್ತವರ ಹಾಗೆ ತೆಗೆದಿದ್ದೀರಿ ಅಂತ ಜಗಳಕ್ಕೇ ಬರುತ್ತಾರೆ. ಮೂವತ್ತು ವರ್ಷದಿಂದ ನಾನು ಈ ತಾಲ್ಲೂಕಿನ ಅರ್ಧ ಜನರ ಕಣ್ಣು ತೆರೆಸಿದ್ದೇನೆ, ಮೊದಲು ಬ್ರಷ್ಷಿನಿಂದ, ಈಗ ಕಂಪ್ಯೂಟರಿನಿಂದ. ತೀರಿಹೋದ ಅಪ್ಪನಿಗೆ ಕೋಟು ತೊಡಿಸಿ ಮಗಳ ಮದುವೆಯ ಫೋಟೋದಲ್ಲಿ ನಿಲ್ಲಿಸಿದ್ದೇನೆ. ಆ ಮಗಳು ಫೋಟೋ ಎದೆಗೆ ಒತ್ತಿಕೊಂಡು ಅತ್ತಿದ್ದನ್ನು ನೀನೂ ನೋಡಿದ್ದೀ. ನನ್ನ ತಾಯಿಯ ಕಣ್ಣನ್ನು ಮುಚ್ಚಿದ ಹಾಗೇ ಬಿಡಲು ನನ್ನ ಕೈ ಕೇಳಲಿಲ್ಲ ಹುಮಾ. ಆಕೆಯ ಕಣ್ಣು ಮುಚ್ಚಿ ಆಗ ಮೂರು ದಿನವಾಗಿತ್ತು ಅಷ್ಟೇ. ಕೂತೆ, ತೆರೆಸಿದೆ, ನಿನಗೆ ಕಳಿಸಿದೆ.

ನೀನು ಅದನ್ನು ಸ್ಪರ್ಧೆಗೆ ಹಾಕುತ್ತೀ ಅಂತ ನನಗೆ ಕನಸೂ ಬಿದ್ದಿರಲಿಲ್ಲ. ಬಹುಮಾನ ಬಂದ ದಿನ ಅಬ್ಬಾ ಬಸ್ ಸ್ಟ್ಯಾಂಡಿಗೆಲ್ಲ ಪೇಢೆ ಹಂಚಿದರು. ತೀರ್ಪುಗಾರರು ಬರೆದದ್ದನ್ನು ನೀನು ಫೋನಿನಲ್ಲಿ ಓದಿ ಹೇಳಿದೆ, ಯಾರದೋ ಹಾದಿ ಕಾಯುತ್ತಿರುವ ಕಣ್ಣು ಇವು, ಚಿತ್ರವೆಲ್ಲ ಈ ಕಣ್ಣಿನಲ್ಲಿದೆ ಅಂತ. ಒಲೆಯ ಮೇಲೆ ಹಾಲಿದೆ ಅಂತ ಹೇಳಿ ಫೋನ್ ಇಟ್ಟೆ. ಒಲೆ ಹಚ್ಚಿಯೇ ಇರಲಿಲ್ಲ.

ಆಗಲೇ ಹೇಳಿದ್ದರೆ ಮನೆಯೊಳಗಿನ ಮಾತಾಗಿ ಮುಗಿಯುತ್ತಿತ್ತು. ನಾನು ಹೇಳಲಿಲ್ಲ. ಆಮೇಲೆ ನೀನು ನನ್ನನ್ನು ನಂಬಿಕೊಂಡು, ಈ ಫೋಟೋದಲ್ಲಿ ಕೂದಲೆಳೆಯಷ್ಟೂ ಬದಲಾಗಿಲ್ಲ ಅಂತ ಅವರಿಗೆ ಬರೆದು ಸಹಿ ಹಾಕಿಕೊಟ್ಟೆ. ನನಗೆ ನಾಚಿಕೆಯಾಗುತ್ತಿದೆ, ಹೆದರಿಕೆಯೂ ಆಗುತ್ತಿದೆ.

ಈಗ ಮುಖ್ಯವಾದ ಮಾತು. ನಾಳೆ ಬೆಳಿಗ್ಗೆ ತಬ್ರೇಜ ಬೈಕಿನ ಮೇಲೆ ನಿನ್ನ ಹತ್ತಿರ ಬರುತ್ತಾನೆ. ಅಳಿಸಿದ್ದು ಬೇರೆ ಕಾರ್ಡು, ನಾನಿಯದು ಸಿಕ್ಕಿತು ಅಂತ ಒಂದು ಕಾರ್ಡು ಕೊಡುತ್ತಾನೆ. ತೆಗೆದುಕೊಳ್ಳಬೇಡ. ನಾನು ಕಣ್ಣು ತೆರೆಸಿದ ಫೋಟೋವನ್ನು ದೊಡ್ಡದಾಗಿ ಪ್ರಿಂಟ್ ಹಾಕಿ, ನಿನ್ನ ಹಳೆಯ ಕ್ಯಾಮೆರಾದಲ್ಲಿ ತಾರೀಖು ಹಿಂದಕ್ಕೆ ತಿರುಗಿಸಿ, ಆ ಪ್ರಿಂಟಿನ ಫೋಟೋ ತೆಗೆದಿದ್ದಾನೆ. ಅದರಲ್ಲಿರುವುದೂ ರಾ ಫೈಲೇ, ಫೆಬ್ರವರಿಯದೇ ತಾರೀಖು. "ಯಾರಪ್ಪನೂ ಹಿಡಿಯೂದಿಲ್ಲ ಅಮ್ಮಿ" ಅಂದ. ನಿನ್ನ ಅಣ್ಣ ಕೆಟ್ಟವನಲ್ಲ, ನಿನ್ನ ಹೆಸರು ಉಳಿಸಲು ಹೀಗೆ ಮಾಡಿದ್ದಾನೆ. ಅಬ್ಬಾನೂ "ಕೊಟ್ಟಬಿಡ್ರಿ. ಕೂಸಿನ ಮರ್ಯಾದಿ ಉಳೀಲಿ" ಅಂದರು. ಮೊನ್ನೆ ನಾನೂ ಹೂಂ ಅಂದೆ. ಅದನ್ನೂ ಮುಚ್ಚಿಡುವುದಿಲ್ಲ.

ಎರಡೂ ಮುಕ್ಕಾಲು.

ನಡುವೆ ಬರೆಯುವುದು ನಿಂತಿತು. ಬ್ಯಾಟರಿ ಮರೆತಿದ್ದೆ ಅಂತ ತಬ್ರೇಜ ಒಬ್ಬನೇ ಬಂದುಬಿಟ್ಟ. ಹಾಳೆಗಳನ್ನು ಪಾಸ್‌ಪೋರ್ಟ್ ಫೋಟೋ ಕತ್ತರಿಸುವ ಯಂತ್ರದ ಕೆಳಗೆ ತುರುಕಿದೆ, ಆದರೂ ಅವನು ನೋಡಿಬಿಟ್ಟ.

"ಏನ ಬರಿಯಾಕತ್ತೀ?"

"ಕಿರಾಣಿ ಚೀಟಿ" ಅಂದೆ.

"ಎರಡು ಹಾಳಿ ಕಿರಾಣಿ? ಯಾರದರ ಲಗ್ನ ಐತೇನು?" ಅಂತ ನಕ್ಕ. ನಾನೂ ನಕ್ಕೆ. ಆಮೇಲೆ ಅವನ ನಗು ನಿಂತಿತು. "ಆ ಹಳೇ ಕಾರ್ಡ್ ಎಲ್ಲೈತಿ ಅಮ್ಮಿ? ಅದು ಇರೂತನಕ ನನಗ ಸಮಾಧಾನ ಇಲ್ಲ. ಇಲ್ಲೇ ಮುರದು ಒಗೀತೇನಿ."

ಈ ಲಕೋಟೆ ಆಗ ನನ್ನ ತೊಡೆಯ ಮೇಲೆ, ಸೆರಗಿನ ಕೆಳಗಿತ್ತು. ಬ್ರಷ್ಷಿನ ಡಬ್ಬಿ ತೆರೆದು ಕೈಗೆ ಸಿಕ್ಕ ಇನ್ನೊಂದು ಕಾರ್ಡು ಕೊಟ್ಟೆ. ಅವನು ಇಕ್ಕಳದಲ್ಲಿ ಅದನ್ನು ಎರಡು ತುಂಡು ಮಾಡಿ ಡಬ್ಬಿಯೊಳಗೇ ಹಾಕಿ, ನನ್ನ ಭುಜ ತಟ್ಟಿ ಹೋದ. ಪಾಪ, ತಾಯಿಯ ಭಾರ ಇಳಿಸಿದೆ ಅಂದುಕೊಂಡಿದ್ದಾನೆ. ಬೈಕಿನ ಸದ್ದು ದೂರ ಹೋದ ಮೇಲೆ ಹಾಳೆಗಳನ್ನು ಮತ್ತೆ ಹೊರಗೆ ಎಳೆದೆ.

ನಾನು ಮನಸ್ಸು ಬದಲಿಸಿದ್ದು ನಿನ್ನೆ. ಕಡೆಯ ಸಲ ಅಂತ ಕಾರ್ಡು ಹಾಕಿ ಮೂಲ ಫೋಟೋ ನೋಡಿದೆ. ಒಂಬತ್ತು ತಿಂಗಳ ಹಿಂದೆ ನನಗೆ ಬರೀ ಮುಚ್ಚಿದ ಕಣ್ಣು ಕಂಡಿತ್ತು. ನಿನ್ನೆ ನನ್ನ ತಾಯಿ ಕಂಡಳು. ತುಟಿ ಅರ್ಧ ತೆರೆದಿದೆ, ಹೆಬ್ಬೆರಳು ಮಣಿಯ ಮೇಲೆ ನಿಂತಿದೆ, ಆಕೆ ನಮ್ಮನ್ನೆಲ್ಲ ಬಿಟ್ಟು ತನ್ನ ಪಾಡಿಗೆ ಇದ್ದಾಳೆ. ಯಾರ ಹಾದಿಯನ್ನೂ ಕಾಯುತ್ತಿಲ್ಲ. ನೀನು ತೆಗೆದದ್ದೇ ಚೆನ್ನಾಗಿತ್ತು. ಹಾಳು ಮಾಡಿದವಳು ನಾನು.

ತಬ್ರೇಜನ ಕಾರ್ಡಿನಲ್ಲೂ ಆ ಕೊಡೆ ಇದ್ದೇ ಇದೆ. ಇವತ್ತು ಹಿಡಿಯದಿದ್ದರೆ ನಾಳೆ ಹಿಡಿಯುತ್ತಾರೆ. ಈಗ ತಪ್ಪು ನನ್ನದು. ನೀನು ಆ ಕಾರ್ಡು ಅವರಿಗೆ ಕೊಟ್ಟ ಗಳಿಗೆಯಿಂದ ತಪ್ಪು ನಿನ್ನದಾಗುತ್ತದೆ. ಲಕೋಟೆಯಲ್ಲಿ ಇನ್ನೊಂದು ಚೀಟಿ ಇದೆ. ನಾನು, ರೀಟಚಿಂಗ್ ಮಾಡುವ ನಿಷತ, ಮಗಳಿಗೆ ಹೇಳದೆ ಕಣ್ಣು ಬದಲಿಸಿದ್ದೇನೆ ಅಂತ ಸ್ಪರ್ಧೆಯವರಿಗೆ ಬರೆದು ಸಹಿ ಮಾಡಿದ್ದೇನೆ. ಅದರ ಜೊತೆ ಮೂಲ ಫೈಲ್ ಕಳಿಸು. ಬಹುಮಾನ ಹೋಗುತ್ತದೆ, ಅದರಲ್ಲಿ ಅನುಮಾನವಿಲ್ಲ. ಆದರೆ ನೀನು ಕ್ಯಾಮೆರಾ ಮುಟ್ಟಿಲ್ಲ ಅಂದವರು ಬಾಯಿ ಮುಚ್ಚಬೇಕಾಗುತ್ತದೆ. ಪತ್ರಿಕೆಯವರಿಗೂ ಇದನ್ನೇ ತೋರಿಸು. ಬೇಕಾದರೆ ನಾನೇ ಬಂದು ಅವರ ಮುಂದೆ ನಿಲ್ಲುತ್ತೇನೆ. ಅಬ್ಬಾನಿಗೆ, ತಬ್ರೇಜನಿಗೆ ಇವತ್ತು ಸಂಜೆ ನಾನೇ ಹೇಳುತ್ತೇನೆ.

ಬಸ್ಸಿನ ಹೊತ್ತಾಯಿತು. ಊಟ ಮಾಡು. ಫೋನ್ ಎತ್ತದಿದ್ದರೂ ಪರವಾಗಿಲ್ಲ, ಊಟ ಮಾಡು.

ನಿನಗೆ ಮುಖ ತೋರಿಸಲು ಹೆದರುತ್ತಿರುವ,
ನಿನ್ನ ಅಮ್ಮಿ
ನಿಷತ

ಮರೆತ ಮಾತು: ಬೇರೆ ಫೋಟೋದ ಕಣ್ಣು ಅಂತಷ್ಟೇ ಆ ಚೀಟಿಯಲ್ಲಿ ಬರೆದಿದ್ದೇನೆ. ಯಾರ ಕಣ್ಣು ಅಂತ ಬರೆದಿಲ್ಲ. ಮೂವತ್ತೊಂದರಲ್ಲಿ ಒಂದರಲ್ಲೂ ನಾನಿ ನೇರವಾಗಿ ಕಣ್ಣು ತೆರೆದಿರಲಿಲ್ಲ. ಹೋದ ವರ್ಷ ನೀನು ಜಗಳವಾಡಿ, ಬ್ಯಾಗು ಎತ್ತಿಕೊಂಡು, ತಿರುಗಿಯೂ ನೋಡದೆ ಮುದ್ದೇಬಿಹಾಳ ಬಸ್ಸಿಗೆ ಹೋದೆಯಲ್ಲ, ಆ ಮಧ್ಯಾಹ್ನ ಹೊಸ ಕೊಡೆ ಲೈಟು ಬಂದಿತ್ತು. ಬೆಳಕು ನೋಡಲು ಅಬ್ಬಾ ನನ್ನನ್ನು ಸ್ಟೂಲಿನ ಮೇಲೆ ಕೂಡಿಸಿ ಒಂದು ಫೋಟೋ ತೆಗೆದರು. ನಾನು ಕ್ಯಾಮೆರಾ ನೋಡಲಿಲ್ಲ, ಅದರ ಪಕ್ಕದ ಬಾಗಿಲು ನೋಡುತ್ತಿದ್ದೆ. ನಾನಿಯ ಮುಖದಲ್ಲಿರುವುದು ಅವೇ ಕಣ್ಣು. ತೀರ್ಪುಗಾರರು ಹೊರಗಿನವರು, ಅವರಿಗೆ ಹೇಗೆ ಗೊತ್ತಾಗಬೇಕು? ಒಂಬತ್ತು ತಿಂಗಳು ದಿನಾ ನೋಡಿದವಳು ನೀನು. ನಿನಗೂ ಗುರುತು ಸಿಗಲಿಲ್ಲ.