ದಾರ ಬಿಚ್ಚದ ಅಚ್ಚುಮೊಳೆಗಳು

ಕೊಪ್ಪಳ, ೧೯೪೧

ತಿಮ್ಮಣ್ಣ,

ನಿನ್ನ ತಿಥಿಯ ಕಾರ್ಡು ಇವತ್ತು ನನ್ನ ಕೈಯಿಂದಲೇ ಅಚ್ಚಾಯಿತು. ನನ್ನ ಹೊಟ್ಟೆ ತಣ್ಣಗಾಯಿತು.

ನಿನ್ನ ಹೆಂಡತಿಯ ಅಣ್ಣ ಹನುಮಂತಪ್ಪ ಗಂಗಾವತಿಯಿಂದ ಬಂದಿದ್ದ. "ಸೂತಕದ ಮನ್ಯಾಗ ಅಚ್ಚಿನ ಮಷಿನ್ ತುಳಿಯಂಗಿಲ್ರಿ, ನೀವಾ ಮಾಡಿಕೊಡ್ರಿ" ಎಂದ.

ನಮ್ಮಿಬ್ಬರ ಪ್ರೆಸ್ಸು ಒಡೆದು, ಲಗ್ನಪತ್ರಿಕೆಗೆ ಹಾಕುವ ಗಣಪತಿಯ ಅಚ್ಚನ್ನು ರುಮಾಲಿನಲ್ಲಿ ಸುತ್ತಿಕೊಂಡು ಹೋಗಿ ನಿನ್ನದೇ ಪ್ರೆಸ್ಸು ಹಾಕಿದವನು ನೀನು. ಗಣಪತಿಯಿಲ್ಲದ ಲಗ್ನಪತ್ರಿಕೆ ಯಾರಿಗೆ ಬೇಕು? ನಾನು ಇನ್ನೊಂದು ಅಚ್ಚು ತರಿಸುವಷ್ಟರಲ್ಲಿ ಗಿರಾಕಿಗಳೆಲ್ಲ ನಿನ್ನ ಹಿಂದೆ ಹೋಗಿದ್ದರು. ಸಾವಿನ ಕಾರ್ಡಿಗೆ ಗಣಪತಿ ಬೇಕಿಲ್ಲ, ತಿಮ್ಮಣ್ಣ. ಇದಕ್ಕೆ ನಾನೇ ಸಾಕಾದೆ.

ನೀನು ಬಿಟ್ಟುಹೋದ ಸವೆದ ಅಚ್ಚುಮೊಳೆಗಳಲ್ಲೇ ನಿನ್ನ ಹೆಸರು ಜೋಡಿಸಿದೆ.

"ಹೆಸರು ಭಾಳ ಮಸುಕಾಗೈತಲ್ರಿ" ಎಂದ ಹನುಮಂತಪ್ಪ.

"ಛಲೋ ಮೊಳಿ ಆರಿಸಿ ಒಯ್ದಾಂವ ಅವನಾ" ಎಂದೆ.

ಸಾವಿನ ಕಾರ್ಡಿನ ಮೊಳೆಗಳನ್ನು ಕಟ್ಟಿಡಬಾರದು, ಕಟ್ಟಿಟ್ಟರೆ ಸತ್ತವನು ಎದ್ದು ಹೋಗಲಾರ, ಅಚ್ಚಾದ ಕೂಡಲೇ ಬಿಚ್ಚಿ ಖಾನೆಗಳಿಗೆ ಹಾಕಬೇಕು ಎಂದು ನನಗೆ ಕಲಿಸಿದವನು ನೀನೇ. ಉಳಿದದ್ದನ್ನೆಲ್ಲ ಬಿಚ್ಚಿ ಹಾಕಿದೆ. ನಿನ್ನ ಹೆಸರನ್ನು ಮಾತ್ರ ದಾರದಿಂದ ಬಿಗಿದು, ನನ್ನ ಪಕ್ಕದಲ್ಲಿ ನೀನು ಕೂರುತ್ತಿದ್ದ ಮಣೆಯ ಮೇಲೆ ಇಟ್ಟಿದ್ದೇನೆ.

ಈಗ ಎದ್ದು ಹೋಗು, ನೋಡುತ್ತೇನೆ.